ಪೆಟ್ಟಿಗೆಯ ದಾರಿ

ನಮ್ಮ ಚರ್ಚಿಗೆ ರ‍್ಯಾಂಪು ಬಂದದ್ದು ನನ್ನ ಮಗಳು ಇಂದುವಿನ ವೀಲ್‌ಚೇರಿಗಾಗಿ ಅಲ್ಲ. ಒಂದು ಶವಪೆಟ್ಟಿಗೆ ಮೆಟ್ಟಿಲ ಮೇಲೆ ಜಾರಿತು, ಅದಕ್ಕಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಈ ತಾಯಿಗೆ ಹೊಟ್ಟೆಯುರಿ ಎನ್ನುತ್ತೀರಿ. ಹೊಟ್ಟೆಯುರಿ ಇದ್ದದ್ದೂ ನಿಜವೇ.

ಕೊಡಿಗೇಹಳ್ಳಿಯ ಹಳೆ ಊರಿನೊಳಗೆ, ಹೊಸ ಕಟ್ಟಡಗಳ ಬೆನ್ನಿಗೆ ಸಿಕ್ಕಿಕೊಂಡಿರುವ ಚಿಕ್ಕ ಕಲ್ಲಿನ ಚರ್ಚು ನಮ್ಮದು. ಮುಂಬಾಗಿಲಿಗೆ ಎತ್ತರೆತ್ತರದ ಕಲ್ಲುಮೆಟ್ಟಿಲು. ಇಂದುವಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಕೈಗಳು ಅವಳ ಮಾತನ್ನು ಅರ್ಧ ಕೇಳುತ್ತವೆ, ಮಾತು ಬಲು ನಿಧಾನ. ತಲೆ ಮಾತ್ರ ನನಗಿಂತ ಚುರುಕು. ಮನೆಯಲ್ಲೇ ಕೂತು ಯಾವುದೋ ಕಂಪನಿಯ ಗಿರಾಕಿಗಳ ದೂರುಗಳಿಗೆ ಕಂಪ್ಯೂಟರಿನಲ್ಲಿ ಉತ್ತರ ಕೊಡುತ್ತಾಳೆ. ಬೈದವರಿಗೂ ನಗುಮುಖದ ಚಿತ್ರ ಕಳಿಸುತ್ತಾಳೆ. ಆ ತಾಳ್ಮೆ ಅವಳಪ್ಪನಿಂದ ಬಂದದ್ದು, ನನ್ನಿಂದಲ್ಲ. ಚಿಕ್ಕವಳಿದ್ದಾಗ ಅವಳಪ್ಪನೇ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಬೆಳೆದ ಮೇಲೆ ಒಂದು ಭಾನುವಾರ, ಎಲ್ಲರೂ ತಿರುಗಿ ನೋಡುತ್ತಿರುವಾಗ, "ಅಪ್ಪಾ, ಸಾಕು. ಇನ್ ಎತ್ಕೋಬೇಡಿ" ಎಂದಳು. ಅಂದಿನಿಂದ ಅವಳ ಆರಾಧನೆಯೆಲ್ಲ ಫೋನಿನ ಪರದೆಯ ಮೇಲೆ ನಡೆಯಿತು.

ಪ್ರತಿ ವರ್ಷ ಸಭೆ ಸೇರಿದಾಗ ನಾನು ಎದ್ದು ನಿಂತು ಒಂದು ರ‍್ಯಾಂಪು ಕಟ್ಟಿಸಿ ಎಂದು ಕೇಳುತ್ತಿದ್ದೆ. ಹಿರಿಯರು ಕಣ್ಣು ಅರೆಮುಚ್ಚಿ, "ಪ್ರಾರ್ಥನೆಯಲ್ಲಿ ಇಡೋಣ ಲೀಲಮ್ಮ" ಎನ್ನುತ್ತಿದ್ದರು. ಮರಳು ಸಿಮೆಂಟಿನ ಕೆಲಸಕ್ಕೆ ಅಷ್ಟು ವರ್ಷ ಪ್ರಾರ್ಥನೆ ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ಯೋಸೇಫಪ್ಪ ತೀರಿಕೊಂಡರು. ನಮ್ಮ ಸಭೆಯ ಸ್ತ್ರೀಸಂಘದ ಅಧ್ಯಕ್ಷೆ ರತ್ನಕ್ಕನ ಗಂಡ, ಆಳು ದಪ್ಪ, ಮನಸ್ಸು ಅದಕ್ಕಿಂತ ದೊಡ್ಡದು. ಅವತ್ತು ಮಳೆ ಬಂದು ಮೆಟ್ಟಿಲು ನೆನೆದಿತ್ತು. ಹೊತ್ತವರಲ್ಲಿ ಒಬ್ಬನ ಕಾಲು ತಪ್ಪಿತು. ಪೆಟ್ಟಿಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿದುಕೊಂಡು ಕೆಳಗೆ ಜಾರಿ ಗೇಟಿನ ಕಂಬಕ್ಕೆ ಹೋಗಿ ನಿಂತಿತು. ಆ ಸದ್ದು, ಅದರ ಹಿಂದೆಯೇ ರತ್ನಕ್ಕ ಕೂಗಿದ ಕೂಗು, ಎರಡೂ ನನ್ನ ಕಿವಿಯಲ್ಲಿ ಇವತ್ತಿಗೂ ಇವೆ. ಮುಂದಿನ ತಿಂಗಳು ಮುಗಿಯುವಷ್ಟರಲ್ಲಿ ಪಕ್ಕದ ಬಾಗಿಲಿಗೆ ಅಚ್ಚುಕಟ್ಟಾದ ರ‍್ಯಾಂಪು ಸಿದ್ಧವಾಯಿತು. ರತ್ನಕ್ಕನೇ ಗಂಡನ ನೆನಪಿಗೆ ಕಟ್ಟಿಸಿದ್ದು. ಬುಡದಲ್ಲಿ ಕರಿಕಲ್ಲು ನೆಟ್ಟು, ಅದರ ಮೇಲೆ ಯೋಸೇಫಪ್ಪನ ಹೆಸರು, ಶಿಲುಬೆ, 'ಕರ್ತನಲ್ಲಿ ನಿದ್ರಿಸುತ್ತಿರುವ' ಎಂಬ ಮಾತು ಕೆತ್ತಿಸಿದರು.

ಆ ಬಾಗಿಲಿಗೆ ಬೀಗ, ಬೀಗದ ಕೈ ರತ್ನಕ್ಕನ ಸೊಂಟದಲ್ಲಿ. ಯಾರಾದರೂ ಸತ್ತರೆ ಮಾತ್ರ ತೆಗೆಯುತ್ತಿದ್ದರು. ಗಂಟೆ ಹೊಡೆಯುವ ಚಿನ್ನಪ್ಪ ಮುಂಬಾಗಿಲ ಮೊಗಸಾಲೆಯಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದ. ಭಾನುವಾರದ ಗಂಟೆ ಗಡಿಬಿಡಿಯದು, ಬನ್ನಿ ಬನ್ನಿ ಎಂದು ಕರೆಯುವಂಥದ್ದು. ಸಾವಿನ ಗಂಟೆ ಬೇರೆ. ಒಂದು ಪೆಟ್ಟು, ಉಸಿರು ಬಿಗಿಹಿಡಿಯುವಷ್ಟು ಬಿಡುವು, ಮತ್ತೊಂದು ಪೆಟ್ಟು. ಅದು ಕೇಳಿದ ಕೂಡಲೇ ಒಳಗಿದ್ದವರೆಲ್ಲ ತಲೆ ಬಗ್ಗಿಸಿ ಎದ್ದು ನಿಲ್ಲಬೇಕು. ಪೆಟ್ಟಿಗೆ ರ‍್ಯಾಂಪು ಏರಿ ಒಳಗೆ ಬರುತ್ತದೆ. ಮಕ್ಕಳು ಅದಕ್ಕೆ 'ಪೆಟ್ಟಿಗೆಯ ದಾರಿ' ಎಂದೇ ಹೆಸರಿಟ್ಟರು. ಆಟವಾಡುವಾಗಲೂ ಅದರ ಮೇಲೆ ಕಾಲಿಡುತ್ತಿರಲಿಲ್ಲ.

ಈ ವರ್ಷ ಹೊಸ ಪಾದ್ರಿಗಳು, ನಮ್ಮ ಬಾಯಲ್ಲಿ ಅಯ್ಯನವರು, ಬಂದರು. ವಯಸ್ಸು ಚಿಕ್ಕದು, ಇಲ್ಲಿನ ಹಳೆ ಸಂಗತಿಗಳು ಗೊತ್ತಿಲ್ಲ. ನಮ್ಮ ಮನೆಗೆ ಬಂದು ಇಂದುವಿನ ಜೊತೆ ಮಾತಾಡಿ, ಅವಳಿಗೆ ಇನ್ನೂ ದೃಢೀಕರಣ ಆಗಿಲ್ಲವೆಂದು ತಿಳಿದು ಬೆರಗಾದರು. ನಮ್ಮಲ್ಲಿ ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು ದೃಢೀಕರಿಸಿದ ಮೇಲೆಯೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಸಿಗುವುದು. ಇಂದುವಿನ ಜೊತೆಯ ಹುಡುಗಿಯರೆಲ್ಲ ತೆಗೆದುಕೊಂಡು, ಮದುವೆಯಾಗಿ, ಮಕ್ಕಳನ್ನೂ ಕರೆತರುತ್ತಿದ್ದರು. ಇವಳು ಮಾತ್ರ ಫೋನಿನಲ್ಲಿ ಬೇರೆಯವರು ತಿನ್ನುವುದನ್ನು ನೋಡುತ್ತಿದ್ದಳು.

"ಚರ್ಚಿಗೆ ಬರೋಕೆ ಏನ್ ತೊಂದ್ರೆ? ರ‍್ಯಾಂಪ್ ಇದೆಯಲ್ಲಾ!" ಎಂದರು ಅಯ್ಯನವರು.

ಆ ಬಾಗಿಲ ಬೀಗದ ಕೈ ರತ್ನಕ್ಕನ ಹತ್ತಿರ ಇದೆ ಎಂದೆ, ತಾವೇ ಕೇಳಿ ಇಸಿದುಕೊಳ್ಳುವುದಾಗಿ ಹೇಳಿದರು. ಇಂದು, "ಬರ್ತೀನಿ. ನಾನೇ ಚಕ್ರ ತಳ್ಕೊಂಡ್ ಬರ್ತೀನಿ. ಯಾರೂ ಎತ್ಕೋಬಾರ್ದು" ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಬಿಷಪ್ಪರು ಬರುವ ಭಾನುವಾರ ಎಲ್ಲರ ಹಾಗೆ ಬಾಗಿಲಿನಿಂದ ಒಳಗೆ ಹೋಗಿ, ಎಲ್ಲರ ಎದುರು 'ಹೌದು' ಎನ್ನುವುದು.

ಅಭ್ಯಾಸವಾಗಲೆಂದು ಕೆಲವು ವಾರ ಮುಂಚೆಯೇ ಕರೆದುಕೊಂಡು ಹೋದೆ. ಹೋದದ್ದು ನಮ್ಮ ಬೀದಿಯ ಖಾದರ್ ಬಾಷಾ ಅವರ ಆಟೋದಲ್ಲಿ. ವೀಲ್‌ಚೇರನ್ನು ಮಡಚಿ ಹಿಂದೆ ಕಟ್ಟಿ ತಂದು ಬಿಚ್ಚಿಕೊಟ್ಟರು. ಮೋಡವಿಲ್ಲದ ಬೆಳಿಗ್ಗೆ. ಇಂದು ನೀಲಿ ಚೂಡಿದಾರ ಹಾಕಿ, ಕೂದಲಿಗೆ ಮುತ್ತಿನ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು. ವೀಲ್‌ಚೇರಿನ ಮುಂದಿನ ಚಕ್ರಗಳು ರ‍್ಯಾಂಪನ್ನು ಮುಟ್ಟಿದವು.

ಮೇಲೆ ಗಂಟೆ ಹೊಡೆಯಿತು. ಒಂದು ಪೆಟ್ಟು.

ನಾನು ನಿಂತೆ. ಉಸಿರು ಬಿಗಿಹಿಡಿಯುವಷ್ಟು ಬಿಡುವು. ಮತ್ತೊಂದು ಪೆಟ್ಟು.

"ತಳ್ಳಮ್ಮಾ," ಎಂದಳು ಇಂದು, "ಕೈ ಜಾರುತ್ತೆ." ಅವಳು ಚಕ್ರ ತಿರುಗಿಸುತ್ತಿದ್ದಳು, ನಾನು ಹಿಂದಿನಿಂದ ಆಸರೆ ಕೊಟ್ಟೆ. ನಾವು ಏರುವವರೆಗೂ ಗಂಟೆ ಹಾಗೇ ಹೊಡೆಯಿತು. ಅಯ್ಯನವರು ಒಳಗಿನಿಂದ ಬಾಗಿಲು ತೆಗೆದಾಗ ನನಗೆ ಕಂಡದ್ದು ಇಷ್ಟು: ಇಡೀ ಸಭೆ ತಲೆ ಬಗ್ಗಿಸಿ ಎದ್ದು ನಿಂತಿತ್ತು. ಪೆಟ್ಟಿಗೆಗಾಗಿ. ಅವರ ಮೈಗೆ ಆ ಅಭ್ಯಾಸ ಅಂಟಿಕೊಂಡಿದೆ, ಗಂಟೆ ಕೇಳಿದರೆ ಕಾಲುಗಳೇ ಎದ್ದುಬಿಡುತ್ತವೆ. ತಲೆ ಎತ್ತಿ ನೋಡಿದಾಗ ಇಂದು. ಒಬ್ಬೊಬ್ಬರಾಗಿ ಕೂತರು, ಬೆಂಚುಗಳು ಕಿರುಗುಟ್ಟಿದವು. ಒಬ್ಬಾಕೆ ತನ್ನ ಮಗುವಿನ ಮುಖವನ್ನು ಸೆರಗಿನೊಳಗೆ ಎಳೆದುಕೊಂಡಳು. ನನಗೆ ಅವಳ ಸೆರಗನ್ನೇ ಕಿತ್ತುಹಾಕುವಷ್ಟು ಸಿಟ್ಟು ಬಂತು.

ಬೆಂಚುಗಳ ನಡುವಿನ ಓಣಿ ಇಕ್ಕಟ್ಟು. ವೀಲ್‌ಚೇರು ನಿಲ್ಲುವುದಕ್ಕೆ ಇದ್ದದ್ದು ಒಂದೇ ಜಾಗ, ಮೊದಲ ಬೆಂಚಿನ ಮುಂದೆ, ಪೀಠದ ಎದುರು. ಪೆಟ್ಟಿಗೆ ಇಡುವ ಜಾಗವೂ ಅದೇ. ಪೆಟ್ಟಿಗೆಯ ಕೆಳಗಿನ ಮರದ ಕಾಲುಗಳು ಉಜ್ಜಿ ಉಜ್ಜಿ ನೆಲದಲ್ಲಿ ಬಿಳಿ ಗುರುತುಗಳು ಬಿದ್ದಿವೆ. ಇಂದುವನ್ನು ಆ ಗುರುತುಗಳ ನಡುವೆ ನಿಲ್ಲಿಸಿ ನಾನು ಅವಳ ಹಿಂದೆಯೇ ಇರುವ ಮೊದಲ ಬೆಂಚಿನ ತುದಿಯಲ್ಲಿ ಕೂತೆ. ಫ್ಯಾನು ತಿರುಗುತ್ತಿರಲಿಲ್ಲ, ಆದರೂ ಪಾದಕ್ಕೆ ತಣ್ಣಗೆ ಗಾಳಿ ತಾಕಿತು. ಸುಗಂಧರಾಜದ ವಾಸನೆ ಬಂತು, ಹಾರದ್ದು, ಒಂದು ದಿನ ಹಳೆಯದಾದ ಹಾರದ್ದು. ಪೀಠದ ಮೇಲೆ ಅವತ್ತು ಇದ್ದದ್ದು ಪ್ಲಾಸ್ಟಿಕ್ ಹೂವು.

ಮೊದಲ ಕೀರ್ತನೆ ಮುಗಿಯುವಾಗ ಇಂದು ಬ್ರೇಕು ತೆಗೆದು ವೀಲ್‌ಚೇರನ್ನು ಸ್ವಲ್ಪ ಎಡಕ್ಕೆ ಜರುಗಿಸಿದಳು. ಪಕ್ಕಕ್ಕೆ ತಿರುಗಿ ನಕ್ಕಳು. ಅಲ್ಲಿ ಯಾರೂ ಇರಲಿಲ್ಲ.

ನಾನು ಬಗ್ಗಿ, "ಯಾಕೆ ಜರುಗಿದೆ?" ಎಂದು ಪಿಸುಗುಟ್ಟಿದೆ.

"ಅವರು ಜರುಗಿದ್ರು. ಅದಕ್ಕೆ ನಾನೂ."

"ಯಾರೇ?"

"ಗೊತ್ತಿಲ್ಲಮ್ಮ. ಜಾಗ ಮಾಡ್ಕೊಟ್ರು."

ಸುಮ್ಮನಿರು ಎಂದು ಗದರಿದೆ. ಹೆದರಿದಾಗ ಗದರುವುದು ನನ್ನ ಸ್ವಭಾವ.

ಆರಾಧನೆ ಮುಗಿದ ಮೇಲೆ ಎಲ್ಲರೂ ಹೊರಗೆ ಚಹಾ ಕುಡಿಯುತ್ತ ನಿಂತರು, ನಮ್ಮ ಸುತ್ತ ಮಾತ್ರ ಒಂದು ಖಾಲಿ ಉಂಗುರ. ಹತ್ತಿರ ಬಂದವರು ಆನಂದಪ್ಪ ಒಬ್ಬರೇ. ತೊಂಬತ್ತರ ಹತ್ತಿರದ ಮುದುಕರು, ದಪ್ಪ ದನಿಯಲ್ಲಿ ಹಾಡುವವರು. ಇಂದುವಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಬಂದ್ಯಲ್ಲಮ್ಮಾ, ಒಳ್ಳೇದಾಯ್ತು" ಎಂದರು. ಚಿನ್ನಪ್ಪನನ್ನು ಹಿಡಿದು ಗಂಟೆ ಯಾಕೆ ಹೊಡೆದೆ ಎಂದು ಕೇಳಿದರೆ ಅವನು ಬೈಬಲ್ ಮೇಲೆ ಕೈಯಿಡಲು ಹೊರಟ. ತಾನು ಗೇಟಿನ ಹೊರಗೆ ಬೀಡಿ ಸೇದುತ್ತಿದ್ದನಂತೆ. ಮನೆಗೆ ಬರುವಾಗ ಖಾದರ್ ಬಾಷಾ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದರು, "ಅಮ್ಮಾ, ನಾನು ಹಗ್ಗಾನೇ ನೋಡ್ತಾ ಇದ್ದೆ. ಕೊಕ್ಕೇಗೆ ಸುತ್ತಿದ್ರು. ಒಂಚೂರೂ ಅಲ್ಲಾಡ್ಲಿಲ್ಲ."

ಆ ವಾರವೇ ಆನಂದಪ್ಪ ಹೋಗಿಬಿಟ್ಟರು. ಊಟ ಮಾಡಿ ಒರಗಿದವರು ಏಳಲಿಲ್ಲ.

ಇನ್ನು ಹೇಳಬೇಕೇ? ಗಂಟೆ ಹೊಡೆದದ್ದು, ಅವಳ ಕೈ ಮುಟ್ಟಿದವರು ಸತ್ತದ್ದು, ಎರಡನ್ನೂ ಗಂಟು ಹಾಕಿ ಅಮೃತಹಳ್ಳಿಯಲ್ಲಿರುವ ನಮ್ಮ ನೆಂಟರವರೆಗೂ ಸುದ್ದಿ ಮುಟ್ಟಿಸಿದರು. ತೊಂಬತ್ತರ ಮುದುಕರಿಗೆ ಸಾಯಲು ನನ್ನ ಮಗಳ ಕೈಯೇ ಬೇಕಾಗಿತ್ತೆ? ಹಾಗೆಂದು ನಾನು ಕೂಗಾಡಿದೆ. ಆದರೆ ಅವರ ಪೆಟ್ಟಿಗೆ ರ‍್ಯಾಂಪು ಏರುವಾಗ ಚಿನ್ನಪ್ಪ ಹೊಡೆದ ಗಂಟೆಯನ್ನು ನಾನೂ ಕೇಳಿದೆ. ಇಂದುವಿಗೆ ಹೊಡೆದದ್ದು ಥೇಟ್ ಅದೇ, ಅದೇ ಬಿಡುವು. ಕೂಗಾಡುವಾಗ ನನ್ನ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಮುಂದಿನ ಭಾನುವಾರವೂ ಹೊಡೆಯಿತು. ಮತ್ತೆ ಎಲ್ಲರೂ ಎದ್ದರು, ಮತ್ತೆ ಕೂತರು. ಅಯ್ಯನವರು ಮೆಟ್ರೋ ಕೆಲಸದ ಅದುರಾಟ ಎಂದರು. ಭಾನುವಾರ ಬೆಳಿಗ್ಗೆ ಆ ಕೆಲಸ ನಿಂತಿರುತ್ತದೆ ಎಂದು ಯಾರೋ ಹೇಳಿದಾಗ ಪಾರಿವಾಳ ಎಂದರು. ಆ ವಾರ ಯಾರೂ ಸಾಯಲಿಲ್ಲ. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇಂದುವಿನ ಮುಖ ಮಾತ್ರ ಅರಳುತ್ತ ಹೋಯಿತು. ಶನಿವಾರವೇ ಚೂಡಿದಾರ ತೆಗೆದಿಡಲು ಹೇಳುವಳು. "ನಿಂಗೆ ಭಯ ಆಗಲ್ವೇನೇ?" ಎಂದು ಒಂದು ದಿನ ತಲೆ ಬಾಚುತ್ತ ಕೇಳಿದೆ.

"ಯಾಕ್ ಭಯ? ಅವರೂ ಆ ದಾರೀಲೇ ಬಂದಿದ್ದು, ನಾನೂ ಆ ದಾರೀಲೇ ಬರೋದು. ಬೇರೆ ಯಾರೂ ಅಲ್ಲಿ ಬರಲ್ಲ. ನಾನ್ ಬಂದೆ ಅಂದ್ರೆ ಅವರಿಗೆ ಗೊತ್ತಾಗುತ್ತೆ ಅಮ್ಮ."

ನಾನು ಬಾಚಣಿಗೆ ಕೆಳಗಿಟ್ಟೆ. ಬದುಕಿರುವ ಅಷ್ಟು ಜನರ ನಡುವೆ ನನ್ನ ಮಗಳು ಬಂದದ್ದನ್ನು ಗುರುತಿಸಲು ಸತ್ತವರೇ ಬೇಕಾದರಲ್ಲ! ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ದೃಢೀಕರಣದ ವಾರ ರತ್ನಕ್ಕ ಮನೆಗೆ ಬಂದರು. ಜೊತೆಗೆ ಸ್ತ್ರೀಸಂಘದ ಇಬ್ಬರು, ಕೈಯಲ್ಲಿ ಬಾಳೆಹಣ್ಣು, ಪ್ಲಮ್ ಕೇಕು. ಕಾಯಿಲೆಯವರ ಮನೆಗೆ ಹೋಗುವಾಗ ತರುವ ಸಾಮಾನು. ನಮ್ಮ ಮನೆಯ ಒಂದು ಹೊಸ್ತಿಲು ದಾಟಲು ರತ್ನಕ್ಕ ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಉಸಿರು ಬಿಟ್ಟರು. ಮಂಡಿ ಪೂರ್ತಿ ಸವೆದುಹೋಗಿದೆ. ಆದರೂ ಪ್ರತಿ ಭಾನುವಾರ ಆ ಕಲ್ಲುಮೆಟ್ಟಿಲನ್ನೇ ಹತ್ತುತ್ತಿದ್ದರು, ಕಬ್ಬಿಣದ ಸರಳು ಹಿಡಿದು, ಒಂದೊಂದು ಮೆಟ್ಟಿಲಿಗೂ ತುಟಿ ಕಚ್ಚಿ. ತಾವೇ ಕಟ್ಟಿಸಿದ ರ‍್ಯಾಂಪಿನ ಮೇಲೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

"ಲೀಲಾ, ಬಿಷಪ್ ಅವರತ್ರ ಮಾತಾಡಿದೀವಿ" ಎಂದರು. "ಆರಾಧನೆ ಆದ್ಮೇಲೆ ಅವರೇ ಇಲ್ಲಿಗೆ ಬರ್ತಾರೆ. ಮನೇಲೇ ಕೈಯಿಟ್ಟು ಪ್ರಾರ್ಥನೆ ಮಾಡ್ತಾರೆ. ಮಗೂಗೆ ಯಾಕೆ ತೊಂದ್ರೆ?"

"ಮಗು ಇಲ್ಲೇ ಕೂತಿದಾಳೆ ರತ್ನಕ್ಕ, ಅವಳನ್ನೇ ಕೇಳಿ" ಎಂದೆ.

ಅವರು ಇಂದುವಿನ ಕಡೆ ತಿರುಗಲಿಲ್ಲ. "ಇಲ್ಲಾಂದ್ರೆ ಹುಡುಗ್ರು ನಾಲ್ಕು ಜನ ಹಿಡ್ಕೊಂಡು ಮುಂದಿನ ಮೆಟ್ಲಿಂದ ಎತ್ಕೊಂಡ್ ಬರ್ಲಿ. ಆ ಪಕ್ಕದ ಬಾಗ್ಲು ಮಾತ್ರ ಬೇಡ. ಜನ ಹೆದರ್ತಿದಾರೆ."

ಇಂದು ಬಾಯಿ ತೆರೆದಳು. ಅವಳು ಮಾತು ಶುರುಮಾಡಿದರೆ ಮುಗಿಯುವವರೆಗೆ ಕಾಯಬೇಕು, ನಡುವೆ ಪದ ಎತ್ತಿಕೊಟ್ಟರೆ ಕೋಪ ಬರುತ್ತದೆ. "ಆಂಟಿ, ನಾಲ್ಕು ಜನ ನನ್ನ ಎತ್ಕೊಂಡ್ ಹೋಗೋ ದಿನ ಬಂದೇ ಬರುತ್ತೆ. ಅವತ್ತು ಎತ್ಕೊಳ್ಳಿ. ನಾನೇನೂ ಅನ್ನಲ್ಲ."

ರತ್ನಕ್ಕನ ತುಟಿ ಬಿಳುಪಾಯಿತು. ಎದ್ದು, "ಆ ದಾರಿ ನಮ್ಮೋರಿಗೆ ಅಂತ ಕಟ್ಟಿಸಿದ್ದು. ಬದುಕಿರೋರಿಗೆ ಅಲ್ಲ" ಎಂದು ಹೇಳಿ ಹೊರಟುಹೋದರು. ಅವರ ಮೇಲೆ ನನಗೆ ಅಷ್ಟು ಸಿಟ್ಟಿದ್ದರೂ, ಗೇಟಿನವರೆಗೆ ಗೋಡೆ ಹಿಡಿದುಕೊಂಡು ಹೋಗುವುದನ್ನು ನೋಡಿ ಕೈ ಕೊಡೋಣ ಎನ್ನಿಸಿತು. ಕೊಡಲಿಲ್ಲ.

ಶನಿವಾರ ಅಯ್ಯನವರು ಫೋನು ಮಾಡಿದರು. ದನಿಯಲ್ಲಿ ನಾಚಿಕೆಯಿತ್ತು. ಹಿರಿಯರು ಕೊನೆಗೂ ಒಪ್ಪಿದ್ದಾರೆ, ಇಂದು ರ‍್ಯಾಂಪಿನಿಂದಲೇ ಬರಬಹುದು. ಆದರೆ ಗಂಟೆಯ ನಾಲಿಗೆ ಬಿಚ್ಚಿಸಿ ಕಛೇರಿ ಕೋಣೆಯಲ್ಲಿ ಇಟ್ಟಿದ್ದಾರೆ. ಬಿಷಪ್ಪರ ಮುಂದೆ ಸಾವಿನ ಗಂಟೆ ಹೊಡೆಯುವುದು ಯಾರಿಗೂ ಬೇಡ.

ನನಗೆ ಸಮಾಧಾನವೇ ಆಯಿತು. ಇದನ್ನು ಇಂದುವಿಗೆ ಹೇಳಿದಾಗ ಅವಳು ಕಂಪ್ಯೂಟರು ಮುಚ್ಚಿದಳು. ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಎತ್ತಿದ ಕೈ ಗುರಿ ತಪ್ಪಿ ಕೆನ್ನೆಗೆ ಬಡಿಯಿತು.

"ಅಲ್ಲಿ ನಂಗೆ ಅಂತ ಇದ್ದದ್ದು ಅದೊಂದೇ ಅಮ್ಮ. ನಾಳೆ ಗಂಟೆ ಹೊಡೀದಿದ್ರೆ ನಾನ್ ಒಳಗೆ ಹೋಗಲ್ಲ."

"ಹುಚ್ಚು ಹಿಡೀತೇನೇ? ಇಷ್ಟ್ ವರ್ಷ ಕಾದು!"

"ಕದ್ದು ಹೋಗೋಕೆ ಕಾದಿಲ್ಲ."

ಅವಳಪ್ಪ ಪಕ್ಕದಲ್ಲಿ ಕೂತು ಅವಳ ಕೆನ್ನೆ ಒರೆಸಿದರು. ಭಾನುವಾರ ಅವರಿಗೆ ಕಾರ್ಖಾನೆಯಲ್ಲಿ ಶಿಫ್ಟು, ಬದಲಿ ಕೇಳಿದ್ದರೂ ಸಿಕ್ಕಿರಲಿಲ್ಲ. ಅಷ್ಟು ದಿನ ನಾನು ಆ ಗಂಟೆ ಹೊಡೆಯದಿರಲಿ ಎಂದು ಬೇಡಿಕೊಂಡಿದ್ದೆ. ಅವತ್ತು ಹೊಡೆಯಲಿ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ಭಾನುವಾರ ಬಿಳಿ ಸೀರೆ ಉಡಿಸಿದೆ. ಖಾದರ್ ಬಾಷಾ ಆಟೋವನ್ನು ತೊಳೆದು ತಂದಿದ್ದರು. ನಾವು ಮುಟ್ಟಿದಾಗ ಆರಾಧನೆ ಶುರುವಾಗಿತ್ತು, ಒಳಗೆ ಮೊದಲ ಕೀರ್ತನೆ. ಪಕ್ಕದ ಬಾಗಿಲು ತೆರೆದೇ ಇತ್ತು. ಕಛೇರಿ ಕೋಣೆಯ ಕಿಟಕಿ ರ‍್ಯಾಂಪಿನ ಪಕ್ಕದಲ್ಲೇ ಇದೆ. ಒಳಗೆ ಮೇಜಿನ ಮೇಲೆ ಹಳೆ ಪೇಪರು ಹಾಸಿ ಗಂಟೆಯ ಕಬ್ಬಿಣದ ನಾಲಿಗೆಯನ್ನು ಮಲಗಿಸಿದ್ದರು. ತುದಿ ಸವೆದು ಹೊಳೆಯುತ್ತಿತ್ತು.

ಇಂದು ಚಕ್ರ ತಿರುಗಿಸಿದಳು. ಮುಂದಿನ ಚಕ್ರಗಳು ರ‍್ಯಾಂಪನ್ನು ಮುಟ್ಟಿದವು, ಏರಿದವು. ಏನೂ ಇಲ್ಲ. ಮೇಲೆ ವಿಮಾನವೊಂದು ಹೋಯಿತು, ಅದರ ಸದ್ದು ಅಡಗಿದ ಮೇಲೆ ಇನ್ನೂ ಹೆಚ್ಚು ನಿಶ್ಶಬ್ದ. ಅರ್ಧಕ್ಕೆ ಹೋಗಿ ಅವಳು ಬ್ರೇಕು ಹಾಕಿದಳು.

"ಇಂದೂ, ಬೇಡ ಕಣೇ. ಬಾ."

ಅವಳು ಅಲ್ಲಾಡಲಿಲ್ಲ. ನಾನು ತಳ್ಳಿದೆ, ಚಕ್ರ ಉರುಳಲಿಲ್ಲ. ಒಳಗೆ ಕೀರ್ತನೆ ಮುಗಿಯಿತು. ಅಯ್ಯನವರು ಬಾಗಿಲಿಗೆ ಬಂದು, ನಮ್ಮನ್ನು ನೋಡಿ, ಏನು ಮಾಡಲೂ ತೋಚದೆ ಒಳಗೆ ಹೋದರು. ದೃಢೀಕರಣಕ್ಕೆ ನಿಂತ ಮಕ್ಕಳ ಹೆಸರನ್ನು ಕರೆಯುವುದು ಕೇಳಿಸುತ್ತಿತ್ತು. ಬೆನ್ನಿನ ಮೇಲೆ ಬಿಸಿಲು ಬೀಳುತ್ತಿತ್ತು, ನನ್ನ ಕಾಲು ಮಾತ್ರ ತಣ್ಣಗಾಯಿತು. ಸುಗಂಧರಾಜದ ವಾಸನೆ ಬಂತು. ನಾವು ಇನ್ನೂ ಹೊರಗೇ ಇದ್ದೆವು.

ಆಗ ಮುಂದಿನ ಮೆಟ್ಟಿಲ ಕಡೆಯಿಂದ ನರಳಿದ ಸದ್ದು ಕೇಳಿಸಿತು. ರತ್ನಕ್ಕ. ಅವರೂ ತಡವಾಗಿ ಬಂದಿದ್ದರು, ಕೈ ಹಿಡಿಯುವವರೆಲ್ಲ ಒಳಗೆ ಹೋಗಿದ್ದರು. ನಡುವಿನ ಮೆಟ್ಟಿಲ ಮೇಲೆ ಸರಳನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದರು. ಮೇಲೆ ಹೋಗಲು ಮಂಡಿ ಬಿಡದು, ಕೆಳಗಿಳಿಯಲು ಧೈರ್ಯ ಬಾರದು. ಗಂಡನ ಪೆಟ್ಟಿಗೆ ಜಾರಿದ್ದೂ ಅಲ್ಲಿಂದಲೇ. ಖಾದರ್ ಬಾಷಾ ಓಡಿಹೋಗಿ ಅವರ ಕೆಳಗಿನ ಮೆಟ್ಟಿಲಲ್ಲಿ ತೋಳು ಚಾಚಿ ನಿಂತರು.

ಇಂದು ಅತ್ತ ನೋಡಿದಳು. ಆಮೇಲೆ ತಲೆಯನ್ನು ಬಲಕ್ಕೆ ವಾಲಿಸಿದಳು, ಪಕ್ಕದಲ್ಲಿ ನಿಂತವರ ಮಾತು ಕೇಳಿಸಿಕೊಳ್ಳುವಾಗ ಅವಳು ಮಾಡುವುದೇ ಹಾಗೆ. ನಾನಿದ್ದದ್ದು ಅವಳ ಹಿಂದೆ. ಪಕ್ಕದಲ್ಲಿ ಬರೀ ಗೋಡೆ.

"ರತ್ನಕ್ಕ ಆಂಟೀ," ಎಂದು ಕರೆದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಹೊರಟದ್ದನ್ನು ನಾನು ಕೇಳಿರಲಿಲ್ಲ. "ಅಂಕಲ್ ಹೇಳ್ತಿದಾರೆ. ಅವತ್ತು. ಜಾರಿದಾಗ. ನೋವಾಗ್ಲಿಲ್ವಂತೆ."

ಪೆಟ್ಟಿಗೆ ಜಾರಿದ್ದು ಊರಿಗೆಲ್ಲ ಗೊತ್ತು. ಅದರೊಳಗಿದ್ದವರಿಗೆ ನೋವಾಯಿತೇ ಎಂದು ನಮ್ಮಲ್ಲಿ ಯಾರೂ ಒಂದು ದಿನ ಯೋಚಿಸಿರಲಿಲ್ಲ. ಸತ್ತವರಿಗೆ ಎಂಥ ನೋವು? ಆದರೆ ರತ್ನಕ್ಕ ಬಿಕ್ಕಿಬಿಕ್ಕಿ ಅತ್ತರು. ಅವರು ಖಾದರ್ ಬಾಷಾರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಅಂಗಳ ದಾಟಿ, ಕರಿಕಲ್ಲಿನ ಹತ್ತಿರ ಬಂದು ನಿಂತರು.

"ದಿನಾ ಕೇಳ್ತೀನಿ ಕಣೇ" ಎಂದರು. "ಫೋಟೋ ಮುಂದೆ ನಿಂತು ದಿನಾ ಅದೊಂದೇ ಕೇಳ್ತೀನಿ. ನೋವಾಯ್ತಾ ಅಂತ. ಒಂದಿನಾನೂ ಹೇಳ್ಲಿಲ್ಲ. ನಿಂಗೆ ಹೇಳಿದ್ರಾ?"

"ಹೂಂ. ಮೆಟ್ಲು ಹತ್ತಬೇಡಿ ಅಂತಿದಾರೆ. ಈ ಕಡೆ ಬನ್ನಿ ಆಂಟಿ. ನನ್ನ ಚೇರ್ ಹಿಡ್ಕೊಳಿ. ಗಟ್ಟಿಯಾಗಿದೆ."

ರತ್ನಕ್ಕ ರ‍್ಯಾಂಪನ್ನು ನೋಡಿದರು. ಎಷ್ಟು ಹೆದರಿಕೆ ಆ ಕಣ್ಣಲ್ಲಿ! ಅಲ್ಲಿ ಕಾಲಿಟ್ಟರೆ ತಮ್ಮ ಸರದಿ ಬಂದಂತೆ ಎಂದು ನಂಬಿಕೊಂಡವರು ಅವರು. ನಾನು ವೀಲ್‌ಚೇರಿನ ಒಂದು ಹಿಡಿ ಬಿಟ್ಟು ಪಕ್ಕಕ್ಕೆ ಸರಿದೆ. ಅವರು ಚಪ್ಪಲಿ ಕಳಚಿದರು. ಬರಿಗಾಲನ್ನು ಸಿಮೆಂಟಿನ ಮೇಲಿಟ್ಟರು.

ಗಂಟೆ ಹೊಡೆಯಿತು.

ನಾನು ಕಿಟಕಿಯೊಳಗೆ ನೋಡಿದೆ. ನಾಲಿಗೆ ಪೇಪರಿನ ಮೇಲೆ ಹಾಗೇ ಮಲಗಿತ್ತು. ಮೇಲೆ ಗಂಟೆ ಮತ್ತೊಮ್ಮೆ ಹೊಡೆಯಿತು, ತುಂಬು ದನಿಯಲ್ಲಿ, ಬಿಡುವು ಕೊಟ್ಟು. ಖಾದರ್ ಬಾಷಾ "ಯಾ ಅಲ್ಲಾ" ಎಂದು ಎದೆ ಮುಟ್ಟಿಕೊಂಡರು. ಇಂದು ಬ್ರೇಕು ತೆಗೆದಳು.

ನಾವು ಮೂವರೂ ಏರಿದೆವು. ಇಂದು ಚಕ್ರ ತಿರುಗಿಸಿದಳು, ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದನ್ನು ರತ್ನಕ್ಕ ಹಿಡಿದಿದ್ದರು. ತಳ್ಳುತ್ತಿದ್ದರೋ ಊರಿಕೊಂಡಿದ್ದರೋ ನನಗೆ ಗೊತ್ತಾಗಲಿಲ್ಲ. ಒಳಗೆ ಇಡೀ ಸಭೆ ಎದ್ದು ನಿಂತಿತ್ತು. ಎಲ್ಲರ ಮುಖವೂ ಸುಣ್ಣದ ಬಣ್ಣ. ನಾಲಿಗೆ ಬಿಚ್ಚಿದ್ದು ಅವರಿಗೆಲ್ಲ ಗೊತ್ತಿತ್ತಲ್ಲ. ತಲೆ ಎತ್ತಿದರು, ಇಂದುವನ್ನು ನೋಡಿದರು, ಅವಳ ಹಿಂದೆ ರತ್ನಕ್ಕನನ್ನು ನೋಡಿದರು. ಈ ಸಲ ಯಾರೂ ಕೂರಲಿಲ್ಲ. ಬಿಷಪ್ಪರಿಗೆ ಪಾಪ ಇದೊಂದೂ ತಿಳಿಯದು, ಇದು ಈ ಸಭೆಯ ಪದ್ಧತಿ ಇರಬೇಕೆಂದು ಅವರೂ ಕುರ್ಚಿಯಿಂದ ಎದ್ದರು.

ಉಳಿದ ಮಕ್ಕಳು ಅವರ ಮುಂದೆ ಮೊಣಕಾಲೂರಿದ್ದರು. ಇಂದುವಿನ ಹತ್ತಿರಕ್ಕೆ ಅವರೇ ಇಳಿದು ಬಂದರು. ಪ್ರಶ್ನೆ ಕೇಳಿದರು. ಅವಳ 'ಹೌದು' ಬಾಯಿಂದ ಹೊರಬರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಗಂಟೆ ಒಂದೊಂದೇ ಪೆಟ್ಟು ಹೊಡೆಯುತ್ತಿತ್ತು, ಎಲ್ಲರೂ ನಿಂತೇ ಇದ್ದರು. ಅವಳು "ಹೌದು" ಎಂದ ಕೂಡಲೇ ನಿಂತಿತು. ಬಿಷಪ್ಪರು ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ರೊಟ್ಟಿಯ ತುಣುಕು ಅವಳ ನಾಲಿಗೆಯ ಮೇಲೆ ಬಿತ್ತು. ನಾನು ಎಲ್ಲರ ಎದುರೇ ಜೋರಾಗಿ ಅತ್ತೆ, ನಲ್ಲಿ ಬಿಟ್ಟುಕೊಳ್ಳಲಿಲ್ಲ.

ನಾಲಿಗೆಯನ್ನು ಮತ್ತೆ ಗಂಟೆಗೆ ಹಾಕಿದ್ದಾರೆ. ಅದು ತಾನಾಗಿ ಮತ್ತೆ ಹೊಡೆದಿಲ್ಲ. ಬಾಗಿಲಿಗೆ ಈಗ ಬೀಗವಿಲ್ಲ. ರತ್ನಕ್ಕ ಪ್ರತಿ ಭಾನುವಾರ ಗೇಟಿನಲ್ಲಿ ಕಾದಿದ್ದು ಇಂದುವಿನ ವೀಲ್‌ಚೇರು ಹಿಡಿದು ಏರುತ್ತಾರೆ. ಅವರ ಹಿಂದೆ ಮಂಡಿ ನೋವಿನ ಇನ್ನೂ ಕೆಲವರು. ನಾವು ಒಳಗೆ ಬಂದಾಗ ಜನ ಎದ್ದು ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಭಕ್ತಿಯೋ ಭಯವೋ, ನಾನು ಕೇಳಲು ಹೋಗಿಲ್ಲ.

ರತ್ನಕ್ಕ ತಮ್ಮ ಬೆಂಚು ಬಿಟ್ಟು ಪೀಠದ ಎದುರು ಇಂದುವಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದಾರೆ. ಕಳೆದ ಭಾನುವಾರ ಕೀರ್ತನೆಯ ನಡುವೆ ಅವರು ಬಗ್ಗಿ ಇಂದುವಿನ ಕಿವಿಯಲ್ಲಿ, "ಇದಾರೇನೇ?" ಎಂದು ಕೇಳಿದ್ದು ನನಗೆ ಕೇಳಿಸಿತು.

ಇಂದು ಬ್ರೇಕು ತೆಗೆದು ಸ್ವಲ್ಪ ಎಡಕ್ಕೆ ಜರುಗಿದಳು. ರತ್ನಕ್ಕ ಎದ್ದು, ತಮ್ಮ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡರು. ಇಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಹಿಂದಿನ ಬೆಂಚಿನಿಂದ ಮುಂದಕ್ಕೆ ಚಾಚಿದ್ದ ನನ್ನ ಕಾಲನ್ನು ನಾನು ಮೆಲ್ಲಗೆ ಒಳಕ್ಕೆ ಎಳೆದುಕೊಂಡೆ.